ಅಂಗಡಿ ಬಾಗಿಲಿನ ಔದಾರ್ಯಕ್ಕೂ ಒಂದು ನಿಯಮ ಬೇಕು

(ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ವ್ಯಾಪಾರಕ್ಕೂ ದಾನಕ್ಕೂ ಇರುವ ನಂಟು ಬಹಳ ಹಳೆಯದು. ಒಬ್ಬ ವರ್ತಕ ತನ್ನ ಗಳಿಕೆಯಿಂದ ಎಷ್ಟು ಕೊಟ್ಟ ಎಂಬುದನ್ನು ಸಮಾಜ ಸದಾ ಲೆಕ್ಕ ಹಾಕುತ್ತದೆ. ಆದರೆ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ತನ್ನ ಅಂಗಡಿಯ ಬಾಗಿಲಲ್ಲಿ ನಿಂತು, ತನ್ನ ಗಿರಾಕಿಗಳಿಂದ ದೇಣಿಗೆ ಕೇಳುವವರನ್ನು ಅವನು ಹೇಗೆ ನಡೆಸಿಕೊಳ್ಳುತ್ತಾನೆ? ಯಾರಿಗೆ ಹೌದೆನ್ನುತ್ತಾನೆ, ಯಾರಿಗೆ ಇಲ್ಲವೆನ್ನುತ್ತಾನೆ, ಮತ್ತು ಯಾವ ಆಧಾರದ ಮೇಲೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಇಂದು ನಾವು ಒಂದೇ ಉದಾಹರಣೆಯನ್ನು ಆರಿಸಿಕೊಂಡಿದ್ದೇವೆ. ಅಮೆರಿಕ, ಬ್ರಿಟನ್ ಮತ್ತು ಕೆನಡಾಗಳಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕಾಗಿ ಅಂಗಡಿಗಳ ಆವರಣದಲ್ಲಿ ನಡೆಯುವ ದೇಣಿಗೆ ಸಂಗ್ರಹವೇ ಆ ಉದಾಹರಣೆ. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಆ ದೇಶಗಳಲ್ಲಿ ಬೇರೆ ಯಾರಿಗೆ ಬೇಕಾದರೂ ಇಲ್ಲವೆನ್ನಬಹುದು, ಮಾಜಿ ಸೈನಿಕನಿಗೆ ಇಲ್ಲವೆನ್ನುವುದು ವರ್ತಕನಿಗೆ ಅತ್ಯಂತ ಕಷ್ಟ. ಇಲ್ಲವೆನ್ನಲು ಕಷ್ಟವಾಗುವ ಕಡೆಯಲ್ಲಿಯೇ ಅಂಗಡಿಗೊಂದು ನಿಯಮವಿದೆಯೇ ಅಥವಾ ಬರೀ ಮರ್ಜಿಯಿದೆಯೇ ಎಂಬುದು ಬಯಲಾಗುತ್ತದೆ.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ಮೊದಲ ಮಹಾಯುದ್ಧ 1918ರಲ್ಲಿ ಮುಗಿದಾಗ ಯುರೋಪಿನ ರಣಭೂಮಿಗಳಿಂದ ಲಕ್ಷಾಂತರ ಸೈನಿಕರು ಕೈಕಾಲು ಕಳೆದುಕೊಂಡು, ಕಣ್ಣು ಕಳೆದುಕೊಂಡು ಮರಳಿದರು. ಊರಿನಲ್ಲಿ ಅವರಿಗೆ ಉದ್ಯೋಗವಿರಲಿಲ್ಲ. ಗಸಗಸೆಯ ಕುಲಕ್ಕೆ ಸೇರಿದ, ಯುದ್ಧಭೂಮಿಯಲ್ಲಿ ಅರಳುತ್ತಿದ್ದ ಪಾಪ್ಪಿ ಎಂಬ ಕೆಂಪು ಹೂವು ಅವರ ನೆನಪಿನ ಸಂಕೇತವಾಯಿತು. ಅಮೆರಿಕದ ಮೊಯ್ನಾ ಮೈಕಲ್ ಮತ್ತು ಫ್ರಾನ್ಸಿನ ಅನ್ನಾ ಗೆರಾನ್ ಎಂಬಿಬ್ಬರು ಮಹಿಳೆಯರ ಶ್ರಮದಿಂದ ಬಟ್ಟೆ ಅಥವಾ ಕಾಗದದ ಈ ಹೂವನ್ನು ನೀಡಿ ದೇಣಿಗೆ ಪಡೆಯುವ ಪದ್ಧತಿ ಬೆಳೆಯಿತು. ಬ್ರಿಟನ್ನಿನಲ್ಲಿ ಮಾಜಿ ಸೈನಿಕರ ಸಂಘಟನೆಯಾದ ಬ್ರಿಟಿಷ್ ಲೀಜನ್ ಸ್ಥಾಪನೆಯಾದದ್ದು 1921ರಲ್ಲಿ. ಅದೇ ವರ್ಷದ ನವೆಂಬರ್ 11ರಂದು ನಡೆದ ಮೊದಲ ಪಾಪ್ಪಿ ದಿನದಲ್ಲಿ ಸುಮಾರು 90 ಲಕ್ಷ ಹೂವುಗಳು ಖರ್ಚಾಗಿ 1,06,000 ಪೌಂಡ್ ಸಂಗ್ರಹವಾಯಿತು. ಮರುವರ್ಷ ಲಂಡನ್ನಿನಲ್ಲಿ ಮೇಜರ್ ಜಾರ್ಜ್ ಹೌಸನ್ ಅಂಗವಿಕಲ ಸೈನಿಕರಿಗಾಗಿಯೇ ಹೂವು ತಯಾರಿಸುವ ಕಾರ್ಖಾನೆಯೊಂದನ್ನು ತೆರೆದರು. ಅಮೆರಿಕದಲ್ಲಿ ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಸಂಘಟನೆ 1922ರಲ್ಲಿ ದೇಶವ್ಯಾಪಿಯಾಗಿ ಪಾಪ್ಪಿ ಹಂಚಿತು. 1924ರಿಂದ ಅದಕ್ಕೆ 'ಬಡ್ಡಿ ಪಾಪ್ಪಿ' ಎಂಬ ಹೆಸರೂ ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಹೂವನ್ನು ಅಂಗವಿಕಲ ಸೈನಿಕನೇ ತಯಾರಿಸುತ್ತಿದ್ದ. ಆದ್ದರಿಂದ ಅದನ್ನು ಹಿಡಿದು ನಿಂತವನನ್ನು ಭಿಕ್ಷುಕನೆಂದು ಕರೆಯಲು ಸಾಧ್ಯವಿರಲಿಲ್ಲ. ದುಡಿದು ತಯಾರಿಸಿದ ವಸ್ತುವಿನ ಮೂಲಕ ಅವನು ಸಮಾಜಕ್ಕೆ ತನ್ನ ಬಾಕಿಯನ್ನು ನೆನಪಿಸುತ್ತಿದ್ದ. ಆದರೆ ನೆನಪಿಸಲು ಅವನಿಗೆ ನಿಲ್ಲುವ ಜಾಗ ಬೇಕಿತ್ತು. ಸಾರ್ವಜನಿಕ ಬೀದಿಯಲ್ಲಿ ಪೇಟೆಯಿದ್ದ ಕಾಲದಲ್ಲಿ ಆ ಜಾಗ ಬೀದಿಯಲ್ಲೇ ಸಿಗುತ್ತಿತ್ತು. ಎರಡನೆಯ ಮಹಾಯುದ್ಧದ ಬಳಿಕ ಪೇಟೆ ಬೀದಿಯಿಂದ ಎದ್ದು ಖಾಸಗಿ ಮಾಲ್‌ಗಳ ಒಳಗೆ, ವಿಶಾಲ ಪಾರ್ಕಿಂಗ್ ಪ್ರಾಂಗಣಗಳಿರುವ ಸೂಪರ್ ಮಾರ್ಕೆಟ್‌ಗಳ ಒಳಗೆ ಹೊಕ್ಕಿತು. ಜನರು ಎಲ್ಲಿ ಸೇರುತ್ತಾರೋ ಆ ಜಾಗವೆಲ್ಲ ಯಾರದೋ ಸ್ವಂತ ಆಸ್ತಿಯಾಯಿತು. ದೇಣಿಗೆಯ ಡಬ್ಬಿ ಹಿಡಿದವನ ಹಕ್ಕು, ಆಸ್ತಿಯ ಒಡೆಯನ ಅನುಮತಿಯಾಗಿ ಕುಗ್ಗಿತು.

ಈ ಬದಲಾವಣೆಯ ಅರ್ಥವೇನೆಂಬುದನ್ನು ಅಮೆರಿಕದ ಒಂದು ಮೊಕದ್ದಮೆ ಬಿಚ್ಚಿ ತೋರಿಸುತ್ತದೆ. ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಲಾಯ್ಡ್ ಸೆಂಟರ್ ಎಂಬ ಮಾಲ್ 1960ರಲ್ಲಿ ತೆರೆಯಿತು. ಸುಮಾರು 50 ಎಕರೆಯ ವಿಸ್ತಾರ, 60ಕ್ಕೂ ಹೆಚ್ಚು ಅಂಗಡಿಗಳು. ಅದರ ಆಡಳಿತ ಮಾಜಿ ಸೈನಿಕರ ಅಮೆರಿಕನ್ ಲೀಜನ್‌ಗೆ ಅಂಗವಿಕಲ ಯೋಧರಿಗಾಗಿ ಪಾಪ್ಪಿ ಮಾರಲು ಅವಕಾಶ ಕೊಟ್ಟಿತ್ತು. ಸಾಲ್ವೇಶನ್ ಆರ್ಮಿ ಮುಂತಾದ ಸೇವಾ ಸಂಸ್ಥೆಗಳಿಗೆ ಕ್ರಿಸ್ಮಸ್ ದೇಣಿಗೆ ಎತ್ತಲು ಅವಕಾಶವಿತ್ತು. ಬೇರೆ ಹಲವು ಸೇವಾ ಸಂಸ್ಥೆಗಳಿಗೆ ಅದೇ ಅವಕಾಶವನ್ನು ನಿರಾಕರಿಸಲಾಗಿತ್ತು. 1968ರ ನವೆಂಬರ್ 14ರಂದು ಐವರು ಯುವಜನರು ಅಲ್ಲಿ ಸದ್ದಿಲ್ಲದೆ ಕರಪತ್ರ ಹಂಚಿದರು. ವಿಯೆಟ್ನಾಂ ಯುದ್ಧವನ್ನೂ ಕಡ್ಡಾಯ ಸೈನ್ಯ ಭರ್ತಿಯನ್ನೂ ವಿರೋಧಿಸುವ ಸಭೆಗೆ ಆಹ್ವಾನ ನೀಡುವ ಕರಪತ್ರ ಅದು. ಕಾವಲುಗಾರರು ಬಂದು, ನಿಲ್ಲಿಸದಿದ್ದರೆ ಬಂಧನವಾಗುವುದೆಂದು ಎಚ್ಚರಿಸಿದರು. ಯುವಜನರು ಹೊರಗೆ ಹೋಗಿ ನ್ಯಾಯಾಲಯದ ಮೆಟ್ಟಿಲೇರಿದರು. ಕೆಳಗಿನ ನ್ಯಾಯಾಲಯಗಳಲ್ಲಿ ಅವರು ಗೆದ್ದರು. 1972ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಮಾಲ್‌ನ ಪರ ತೀರ್ಪಿತ್ತಿತು. ಜನರನ್ನು ಖರೀದಿಗೆ ಆಹ್ವಾನಿಸಿದ ಮಾತ್ರಕ್ಕೆ ಖಾಸಗಿ ಆಸ್ತಿಯು ಸಾರ್ವಜನಿಕವಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದವರಲ್ಲಿ ಪ್ರಮುಖರು.

ವಿಪರ್ಯಾಸವನ್ನು ನೋಡಿ. ಯುದ್ಧದಲ್ಲಿ ಅಂಗ ಕಳೆದುಕೊಂಡವನಿಗಾಗಿ ಡಬ್ಬಿ ಹಿಡಿದವರಿಗೆ ಬಾಗಿಲು ತೆರೆದಿತ್ತು. ಇನ್ನಷ್ಟು ಯುವಕರು ಅಂಗ ಕಳೆದುಕೊಳ್ಳುವುದು ಬೇಡವೆಂದವರಿಗೆ ಬಾಗಿಲು ಮುಚ್ಚಿತ್ತು. ಇಬ್ಬರಿಗೂ ಕಳಕಳಿಯಿದ್ದುದು ಸೈನಿಕನ ಬದುಕಿನ ಬಗ್ಗೆಯೇ. ಆದರೆ ಒಂದು ಕಳಕಳಿ ಗಿರಾಕಿಗಳಿಗೆ ಹಿತವಾಗಿತ್ತು, ಇನ್ನೊಂದು ಇರಿಸುಮುರಿಸು ಉಂಟುಮಾಡುವಂಥದ್ದಾಗಿತ್ತು. ಒಡೆಯನಿಗೆ ಆ ಅಧಿಕಾರವಿದೆಯೆಂದು ಕಾನೂನು ಹೇಳಿತು. ಅಧಿಕಾರವಿರುವುದೆಲ್ಲವೂ ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. 1980ರ ಪ್ರೂನ್‌ಯಾರ್ಡ್ ಮೊಕದ್ದಮೆಯಲ್ಲಿ, ರಾಜ್ಯಗಳು ಬಯಸಿದರೆ ತಮ್ಮ ಸಂವಿಧಾನದ ಮೂಲಕ ಮಾಲ್‌ಗಳೊಳಗೆ ಹೆಚ್ಚಿನ ಅಭಿವ್ಯಕ್ತಿ ಹಕ್ಕನ್ನು ಕೊಡಬಹುದೆಂದು ಅದೇ ಸುಪ್ರೀಂ ಕೋರ್ಟ್ ಒಪ್ಪಿತು. ಕ್ಯಾಲಿಫೋರ್ನಿಯಾ ಅಂತಹ ಹಕ್ಕನ್ನು ಕೊಟ್ಟಿತ್ತು. ಆದರೆ ಅದೇ ರಾಜ್ಯದ ಸುಪ್ರೀಂ ಕೋರ್ಟ್ 2012ರಲ್ಲಿ, ಅಂಗಡಿಯೊಂದರ ಬಾಗಿಲ ಮುಂದಿನ ಕಾಲುದಾರಿ ಅಂತಹ ಸಾರ್ವಜನಿಕ ವೇದಿಕೆಯಲ್ಲವೆಂದು ತೀರ್ಮಾನಿಸಿತು. ಹೀಗೆ ಡಬ್ಬಿ ಹಿಡಿದವನು ಎಲ್ಲಿ ನಿಲ್ಲಬೇಕೆಂದು ಬಯಸುತ್ತಾನೋ ಸರಿಯಾಗಿ ಆ ಜಾಗವೇ ಒಡೆಯನ ಇಚ್ಛೆಗೆ ಸೇರಿದ್ದಾಯಿತು. ಬ್ರಿಟನ್ನಿನಲ್ಲೂ ಬೀದಿಯಲ್ಲಿ ಸಂಗ್ರಹಿಸಲು ಪರವಾನಗಿ ಬೇಕು, ಅಂಗಡಿಯ ಸ್ವಂತ ಜಾಗದಲ್ಲಾದರೆ ಮಾಲೀಕನ ಒಪ್ಪಿಗೆ ಬೇಕು.

ಹಾಗಾದರೆ ಒಡೆಯನು ಈ ಇಚ್ಛೆಯನ್ನು ಹೇಗೆ ಬಳಸಬೇಕು? ಇತ್ತೀಚಿನ ಎರಡು ನಿದರ್ಶನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಮೂಹ ತನ್ನ ಬಾಗಿಲಲ್ಲಿ ಯಾರೂ ದೇಣಿಗೆ ಕೇಳಬಾರದೆಂಬ ನಿಯಮ ಇಟ್ಟುಕೊಂಡಿತ್ತು. ಸಾಲ್ವೇಶನ್ ಆರ್ಮಿಗೆ ಮಾತ್ರ ಹಲವು ವರ್ಷಗಳಿಂದ ವಿನಾಯಿತಿಯಿತ್ತು. ಬೇರೆ ಸಂಸ್ಥೆಗಳೂ ಅದೇ ವಿನಾಯಿತಿ ಕೇಳತೊಡಗಿದಾಗ 2004ರಲ್ಲಿ ಆ ಸಮೂಹ ವಿನಾಯಿತಿಯನ್ನೇ ರದ್ದುಗೊಳಿಸಿತು. ಹಿಂದಿನ ವರ್ಷ ಆ ಬಾಗಿಲುಗಳಲ್ಲಿ ಸುಮಾರು 90 ಲಕ್ಷ ಡಾಲರ್ ಸಂಗ್ರಹಿಸಿದ್ದ ಸಂಸ್ಥೆಗೆ ಇದು ದೊಡ್ಡ ಪೆಟ್ಟು. ಜನರು ಸಿಟ್ಟಾದರು. ನಿರ್ಧಾರ ಕಠೋರವಾಗಿತ್ತು, ನಿಜ. ಆದರೆ ಅದರಲ್ಲಿ ಪಕ್ಷಪಾತವಿರಲಿಲ್ಲ.

ಇನ್ನೊಂದು ನಿದರ್ಶನ ಕೆನಡಾದ್ದು. 2020ರ ನವೆಂಬರ್‌ನಲ್ಲಿ ಹೋಲ್ ಫುಡ್ಸ್ ಎಂಬ ಆಹಾರ ಮಳಿಗೆ ಸಮೂಹ, ಸಮವಸ್ತ್ರ ನಿಯಮದ ಹೆಸರಿನಲ್ಲಿ ತನ್ನ ನೌಕರರು ಕೆಲಸದ ವೇಳೆ ಪಾಪ್ಪಿ ಧರಿಸುವುದನ್ನು ತಡೆದಿತ್ತು. ಸುದ್ದಿ ಹೊರಬಿದ್ದ ಕೂಡಲೇ ಕೋಲಾಹಲವೆದ್ದಿತು. ಕೆನಡಾದ ಸಂಸತ್ತು ಸರ್ವಾನುಮತದಿಂದ ಖಂಡಿಸಿತು. ಒಂಟಾರಿಯೋ ಪ್ರಾಂತದ ಮುಖ್ಯಸ್ಥರು ಕಾನೂನು ತರುವುದಾಗಿ ಹೇಳಿದರು. ನವೆಂಬರ್ 6ರಂದು, ಅಂದರೆ ಸುದ್ದಿಯ ಬೆನ್ನಿಗೇ, ಸಂಸ್ಥೆ ನಿಷೇಧವನ್ನು ಹಿಂದೆಗೆದುಕೊಂಡಿತು. ಇದು ಒಳ್ಳೆಯದೇ. ಆದರೆ ಅದೇ ವರ್ಷ ಅದೇ ಸಂಸ್ಥೆ ಅಮೆರಿಕದಲ್ಲಿ ಅದೇ ಬಗೆಯ ಸಮವಸ್ತ್ರ ನಿಯಮವನ್ನು ಮುಂದಿಟ್ಟು 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂದು ಬರೆದ ಮಾಸ್ಕ್ ಧರಿಸಿದ ನೌಕರರನ್ನು ಶಿಕ್ಷಿಸಿತ್ತು. ಆ ನೌಕರರು ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ತಾರತಮ್ಯದ ದೂರನ್ನು ಎತ್ತಿಹಿಡಿಯಲಿಲ್ಲ. ಒಂದು ಚಿಹ್ನೆಗಾಗಿ ನಿಯಮ ಕೆಲವೇ ಗಂಟೆಗಳಲ್ಲಿ ಬಾಗಿತು. ಇನ್ನೊಂದಕ್ಕಾಗಿ ಬಾಗಲೇ ಇಲ್ಲ. ಜನಪ್ರಿಯರ ಮುಂದೆ ಬಾಗುವ ನಿಯಮವನ್ನು ನಿಯಮವೆನ್ನಲು ಸಾಧ್ಯವೇ?

ಮಾಜಿ ಸೈನಿಕರಿಗೆ ಜನಪ್ರಿಯತೆಯಿದೆಯಲ್ಲ, ನಿಯಮವೇಕೆ ಬೇಕು ಎಂದು ಕೇಳಬಹುದು. ಜನಪ್ರಿಯತೆ ಶಾಶ್ವತವಲ್ಲ ಎಂಬುದೇ ಉತ್ತರ. ಮೊದಲ ಮಹಾಯುದ್ಧದ ಯೋಧರು ತಮಗೆ ಸಲ್ಲಬೇಕಾದ ಬೋನಸ್ ಹಣವನ್ನು ಕೇಳಿ 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಾಗ, ಅದೇ ದೇಶದ ಸೈನ್ಯವೇ ಅವರನ್ನು ಓಡಿಸಿ ಅವರ ಗುಡಿಸಲುಗಳನ್ನು ಸುಟ್ಟಿತು. ನಿವೃತ್ತ ಯೋಧ ಹೂವು ಹಿಡಿದು ನಿಂತಾಗ ಪೂಜ್ಯ, ಹಕ್ಕು ಕೇಳಿ ನಿಂತಾಗ ಉಪದ್ರವಿ! ಮರ್ಜಿಯಿಂದ ಸಿಕ್ಕಿದ ಜಾಗ ಮರ್ಜಿ ಬದಲಾದಾಗ ಹೋಗುತ್ತದೆ. ನಿಯಮದಿಂದ ಸಿಕ್ಕಿದ ಜಾಗ ಮಾತ್ರ ಉಳಿಯುತ್ತದೆ.

ಇಲ್ಲಿ ಗಿರಾಕಿಗಳ ಹೊಣೆಯನ್ನೂ ಹೇಳಬೇಕು. ಮೇಲೆ ಹೇಳಿದ ಟಾರ್ಗೆಟ್ ಸಮೂಹದ ಬಗ್ಗೆಯೇ 2002ರಲ್ಲಿ ಒಂದು ಇ-ಮೇಲ್ ಅಮೆರಿಕದಾದ್ಯಂತ ಹರಿದಾಡಿತು. ವಿಯೆಟ್ನಾಂ ಯೋಧರ ಸ್ಮಾರಕದ ಸಂಚಾರಿ ಪ್ರತಿಕೃತಿಯ ಪ್ರದರ್ಶನಕ್ಕೆ ನೆರವು ಕೇಳಿದಾಗ, ಮಾಜಿ ಸೈನಿಕರು ತಮ್ಮ ದಾನದ ವ್ಯಾಪ್ತಿಗೆ ಬರುವುದಿಲ್ಲವೆಂದು ಆ ಸಂಸ್ಥೆ ಹೇಳಿತು ಎಂಬುದೇ ಅದರ ಆರೋಪ. ಆ ಸಂಸ್ಥೆ ಫ್ರೆಂಚರ ಒಡೆತನದ್ದು ಎಂಬ ಸುಳ್ಳೂ ಅದಕ್ಕೆ ಅಂಟಿಕೊಂಡಿತು. ಸಂಸ್ಥೆ ಆರೋಪವನ್ನು ಅಲ್ಲಗಳೆಯಿತು. ಪತ್ರ ಬರೆದವರೇ ಅದನ್ನು ಹಿಂದೆಗೆದುಕೊಂಡು ಕ್ಷಮೆ ಕೇಳಿದರು. ಆದರೂ ಆ ಪತ್ರ ವರ್ಷಗಟ್ಟಲೆ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಬಹಿಷ್ಕಾರದ ಕರೆ ಸುಲಭ, ವಿಚಾರಣೆ ಕಷ್ಟ. ಆದ್ದರಿಂದ ವದಂತಿಯೇ ಗೆಲ್ಲುತ್ತದೆ.

ಇಂತಹ ವದಂತಿಗೆ ಬಲಿಯಾಗುವವರು ಅಂಗಡಿಯವರು ಮಾತ್ರವಲ್ಲ. ಬ್ರಿಟನ್ನಿನಲ್ಲಿ ನವೆಂಬರ್ ಸಮೀಪಿಸಿದಾಗ ಇಂಥದ್ದೇ ಇನ್ನೊಂದು ಸುಳ್ಳು ಪದೇ ಪದೇ ಹಬ್ಬಿದೆ. ಮುಸ್ಲಿಮರ ಮನಸ್ಸಿಗೆ ನೋವಾಗಬಾರದೆಂದು ಕೆಲವೆಡೆ ಪಾಪ್ಪಿ ಮಾರಾಟವನ್ನು ನಿಲ್ಲಿಸಲಾಗಿದೆ ಎಂಬುದೇ ಆ ಸುಳ್ಳು. ಪಾಪ್ಪಿ ಅಭಿಯಾನ ನಡೆಸುವ ರಾಯಲ್ ಬ್ರಿಟಿಷ್ ಲೀಜನ್ ಸಂಸ್ಥೆಯೇ ಇದನ್ನು ಬಹಿರಂಗವಾಗಿ ನಿರಾಕರಿಸಿದೆ. ಇತಿಹಾಸ ಬಲ್ಲವರಿಗಂತೂ ಈ ಮಾತು ಹಾಸ್ಯಾಸ್ಪದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಸುಮಾರು 4 ಲಕ್ಷ ಮುಸ್ಲಿಮ್ ಸೈನಿಕರಿದ್ದರು. ಭಾರತದ ಸೈನ್ಯದ ಸಿಪಾಯಿಗಳಲ್ಲಿ ಮೊಟ್ಟಮೊದಲು ವಿಕ್ಟೋರಿಯಾ ಕ್ರಾಸ್ ಪಡೆದವರು ಖುದಾದಾದ್ ಖಾನ್. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೋಲೆಬೆಕೆಯಲ್ಲಿ, ಜೊತೆಗಾರರೆಲ್ಲ ಬಿದ್ದ ಮೇಲೂ ಗಾಯಗೊಂಡ ದೇಹದಿಂದ ಮೆಷಿನ್ ಗನ್ ನಡೆಸಿದವರು ಅವರು. ಅವರ ಶತಮಾನದ ನೆನಪಿನಲ್ಲಿ 2014ರಲ್ಲಿ ಇಸ್ಲಾಮಿಕ್ ಸೊಸೈಟಿ ಆಫ್ ಬ್ರಿಟನ್ ಮತ್ತು ಬ್ರಿಟಿಷ್ ಫ್ಯೂಚರ್ ಸಂಸ್ಥೆಗಳು ಪಾಪ್ಪಿ ಚಿತ್ರದ ಶಿರವಸ್ತ್ರವನ್ನು ಹೊರತಂದವು. ಹಲವು ಸಹೋದರಿಯರು ಅದನ್ನು ಧರಿಸಿದರು. ಇದು ನಮ್ಮ ನಿಷ್ಠೆಯ ಪರೀಕ್ಷೆಯಾಗಬಾರದು ಎಂದು ಮುಸ್ಲಿಮರಲ್ಲೇ ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪವೂ ವಿಚಾರಾರ್ಹ. ಕೊಡುವವನು ಮನಸಾರೆ ಕೊಟ್ಟರೆ ಅದು ದೇಣಿಗೆ. ಕೊಡದಿದ್ದರೆ ಸಂಶಯದ ಕಣ್ಣು ಬೀಳುವುದಾದರೆ ಅದನ್ನು ತೆರಿಗೆಯೆನ್ನಬೇಕು.

ಇನ್ನು ವರ್ತಕರ ಹಿಂಜರಿಕೆಗೂ ಕಾರಣವಿದೆಯೆಂಬುದನ್ನು ಒಪ್ಪಬೇಕು. ಸೈನಿಕರ ಹೆಸರಿನಲ್ಲಿ ವಂಚನೆಯೂ ನಡೆದಿದೆ. ಯು.ಎಸ್. ನೇವಿ ವೆಟರನ್ಸ್ ಅಸೋಸಿಯೇಷನ್ ಎಂಬ ಹೆಸರಿನ ಬೋಗಸ್ ಸಂಸ್ಥೆ ಅಮೆರಿಕದಲ್ಲಿ ಸುಮಾರು 10 ಕೋಟಿ ಡಾಲರ್ ಸಂಗ್ರಹಿಸಿತ್ತು. ಅದನ್ನು ನಡೆಸಿದವನಿಗೆ 2013ರಲ್ಲಿ 28 ವರ್ಷಗಳ ಸೆರೆವಾಸವಾಯಿತು. 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ರಾಜ್ಯಗಳ ಅಧಿಕಾರಿಗಳು ಸೇರಿ ಇಂತಹ ಸಂಸ್ಥೆಗಳ ವಿರುದ್ಧ 100ಕ್ಕೂ ಹೆಚ್ಚು ಕ್ರಮಗಳನ್ನು ಘೋಷಿಸಿದರು. ವಂಚಕನು ಕದಿಯುವುದು ಹಣವನ್ನಷ್ಟೇ ಅಲ್ಲ. ನಾಳೆ ಬರುವ ಪ್ರಾಮಾಣಿಕನ ಮೇಲಿನ ನಂಬಿಕೆಯನ್ನೂ ಅವನು ಕದಿಯುತ್ತಾನೆ. ಆದ್ದರಿಂದ ಬಾಗಿಲು ತೆರೆಯುವ ಮುನ್ನ ದಾಖಲೆ ಕೇಳುವ ವರ್ತಕ ಸೈನಿಕನಿಗೆ ಅವಮಾನ ಮಾಡುತ್ತಿಲ್ಲ, ಅವನ ಹೆಸರನ್ನು ಕಾಯುತ್ತಿದ್ದಾನೆ.

ವರ್ತಕನ ಕಡೆಯಿಂದಲೂ ಒಂದು ದುರುಪಯೋಗ ಸಾಧ್ಯ. ಈ ವಸ್ತುವನ್ನು ಕೊಂಡರೆ ಲಾಭದ ಒಂದು ಪಾಲು ಯೋಧರಿಗೆ ಎಂಬ ಫಲಕವನ್ನು ತೂಗುಹಾಕಿ ವ್ಯಾಪಾರ ಹೆಚ್ಚಿಸಿಕೊಳ್ಳುವುದು. ಒಂದು ಪಾಲು ಎಂದರೆ ಎಷ್ಟು? ರೂಪಾಯಿಗೆ ಹತ್ತು ಪೈಸೆಯೇ, ಒಂದು ಪೈಸೆಯೇ? ಬ್ರಿಟನ್ನಿನ 1992ರ ಚಾರಿಟೀಸ್ ಕಾಯ್ದೆ ಈ ಜಾಗದಲ್ಲಿ ಕೈಹಾಕಿತು. ಧರ್ಮಾರ್ಥ ಸಂಸ್ಥೆಯ ಹೆಸರು ಹೇಳಿ ಸರಕು ಮಾರುವ ವ್ಯಾಪಾರಿ ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಸಂಸ್ಥೆಗೆ ಸೇರುವ ಮೊತ್ತವೆಷ್ಟೆಂದು ಗಿರಾಕಿಗೆ ತಿಳಿಸಬೇಕು. ದಾನದ ಹೆಸರಿನಲ್ಲಿ ಜಾಹೀರಾತು ನಡೆಯಬಾರದೆಂಬ ಈ ಎಚ್ಚರ ಅನುಕರಣೀಯವಾದುದು.

ಸಹೋದರರೇ, ಇದೆಲ್ಲ ದೂರದ ದೇಶಗಳ ಮಾತಾಯಿತು ಎನಿಸಬಹುದು. ಆದರೆ ಇದೇ ಪಾಪ್ಪಿ ದಿನದ ಒಂದು ಕೊಂಬೆ ನಮ್ಮಲ್ಲೂ ಇದೆ. ಬ್ರಿಟಿಷರ ಕಾಲದಲ್ಲಿ ನವೆಂಬರ್ 11ರಂದು ಭಾರತದಲ್ಲೂ ಪಾಪ್ಪಿ ಹಂಚಿ ಹಣ ಸಂಗ್ರಹಿಸಲಾಗುತ್ತಿತ್ತು. ಸ್ವಾತಂತ್ರ್ಯಾನಂತರ, 1949ರ ಆಗಸ್ಟ್ 28ರಂದು, ರಕ್ಷಣಾ ಸಚಿವರ ಅಧೀನದ ಸಮಿತಿ ಡಿಸೆಂಬರ್ 7ನ್ನು ಧ್ವಜ ದಿನವನ್ನಾಗಿ ಆರಿಸಿತು. ಕೆಂಪು, ಕಡುನೀಲಿ ಮತ್ತು ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜಗಳನ್ನು ನೀಡಿ ದೇಣಿಗೆ ಪಡೆಯುವುದು ಅಂದಿನಿಂದ ಬಂದ ಪದ್ಧತಿ. ಯುದ್ಧದಲ್ಲಿ ಗಾಯಗೊಂಡವರ ಪುನರ್ವಸತಿ, ಸೇವೆಯಲ್ಲಿರುವವರ ಕುಟುಂಬಗಳ ಕ್ಷೇಮ, ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳ ನೆರವು, ಇವು ಆ ನಿಧಿಯ ಉದ್ದೇಶಗಳು. ನಮ್ಮ ಶಾಲೆ ಕಚೇರಿಗಳಿಗೆ ಈ ಧ್ವಜಗಳು ಪರಿಚಿತ. ಪೇಟೆಗೆ ಅವು ಅಷ್ಟಾಗಿ ಬರುವುದಿಲ್ಲ. ಬಂದಾಗ ನಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳುವುದು ಲೇಸು.

ಆದ್ದರಿಂದ ವರ್ತಕ ಬಂಧುಗಳ ಮುಂದೆ ನಾವು ನಾಲ್ಕು ಮಾತುಗಳನ್ನಿಡುತ್ತೇವೆ. ಒಂದು, ನಿಮ್ಮ ಅಂಗಡಿಯ ಬಾಗಿಲಲ್ಲಿ ಯಾರಿಗೆ, ಎಷ್ಟು ದಿನ, ಯಾವ ಜಾಗದಲ್ಲಿ ದೇಣಿಗೆ ಕೇಳಲು ಅವಕಾಶವೆಂಬುದನ್ನು ಬರೆದಿಡಿ. ಆ ಬರಹ ಮಾಜಿ ಸೈನಿಕನಿಗೂ ಅನಾಥಾಲಯಕ್ಕೂ, ಮಸೀದಿಗೂ ದೇವಸ್ಥಾನಕ್ಕೂ ಒಂದೇ ಆಗಿರಲಿ. ಎರಡು, ಕೊಡಲಾಗದಿದ್ದರೆ ಎಲ್ಲರಿಗೂ ಇಲ್ಲವೆನ್ನಿ, ಆದರೆ ಗೌರವದಿಂದ ಹೇಳಿ. ಇಲ್ಲವೆನ್ನುವುದು ಪಾಪವಲ್ಲ, ಮುಖ ನೋಡಿ ಇಲ್ಲವೆನ್ನುವುದು ಅನ್ಯಾಯ. ಮೂರು, ನಿಮ್ಮ ಕೌಂಟರಿನ ಮೇಲೆ ಡಬ್ಬಿಯನ್ನೋ ಹಣ ಪಾವತಿಯ ಕ್ಯೂಆರ್ ಫಲಕವನ್ನೋ ಇಡಲು ಬಿಟ್ಟರೆ ಅದು ಯಾರ ಖಾತೆಗೆ ಹೋಗುತ್ತದೆಂದು ಪರಿಶೀಲಿಸಿ, ಸಂಗ್ರಹವಾದ ಮೊತ್ತವನ್ನು ಅದೇ ಜಾಗದಲ್ಲಿ ಬರೆದು ಪ್ರಕಟಿಸಿ. ನಾಲ್ಕು, ಯಾವ ಗಿರಾಕಿಯ ಮೇಲೂ ಒತ್ತಡ ಬೀಳದಂತೆ ನೋಡಿಕೊಳ್ಳಿ. ಕೊಡದೆ ಹೋದವನ ಬೆನ್ನ ಹಿಂದೆ ಯಾರೂ ಅವನ ದೇಶಪ್ರೇಮವನ್ನು ಅಳೆಯದಿರಲಿ.

ಗಿರಾಕಿಗಳಾದ ನಮಗೂ ಒಂದು ಮಾತು. ಯಾವುದೋ ಅಂಗಡಿ ಯೋಧರನ್ನು ಹೊರಗಟ್ಟಿತೆಂಬ ಸಂದೇಶ ಮೊಬೈಲಿಗೆ ಬಂದಾಗ, ಮುಂದಕ್ಕೆ ಕಳಿಸುವ ಮುನ್ನ ಆ ಅಂಗಡಿಗೆ ಹೋಗಿ ಕೇಳುವಷ್ಟು ಶ್ರಮ ವಹಿಸೋಣ. ಅದರ ನಿಯಮವೇನು, ಅದು ಎಲ್ಲರಿಗೂ ಒಂದೇ ಆಗಿತ್ತೇ ಎಂದು ವಿಚಾರಿಸೋಣ. ಹಾಗೆಯೇ ಒಂದು ನಾಣ್ಯ ಹಾಕಿ, ಋಣ ತೀರಿತೆಂದು ಭಾವಿಸದಿರೋಣ. ಪಿಂಚಣಿ, ಚಿಕಿತ್ಸೆ, ಪುನರ್ವಸತಿ ಇವು ಸರಕಾರದ ಕರ್ತವ್ಯ. ಡಬ್ಬಿಯ ಹಣ ಆ ಕರ್ತವ್ಯಕ್ಕೆ ಪೂರಕವಾಗಬಹುದು, ಬದಲಿಯಾಗಬಾರದು.

ನಿವೃತ್ತ ಯೋಧನಿಗೆ ನಾವು ಸಲ್ಲಿಸಬೇಕಾದುದು ಗೌರವ. ಅವನ ಪಕ್ಕದಲ್ಲಿ ಬೇರೊಂದು ಡಬ್ಬಿ ಹಿಡಿದು ನಿಂತವನಿಗೂ ಅದೇ ಅಳತೆಯ ಗೌರವ ಸಿಕ್ಕಾಗ ಮಾತ್ರ ಆ ಗೌರವ ನಿಜವಾದುದಾಗುತ್ತದೆ. ನಮ್ಮ ಪೇಟೆಯ ತಕ್ಕಡಿ ಸರಕನ್ನು ತೂಗುವಾಗ ಎಷ್ಟು ನೇರವಾಗಿರಬೇಕೋ, ಬಾಗಿಲಿಗೆ ಬಂದವರನ್ನು ತೂಗುವಾಗಲೂ ಅಷ್ಟೇ ನೇರವಾಗಿರಲಿ ಎಂದು ಆಶಿಸುತ್ತಾ ಈ ಮಾತುಗಳನ್ನು ಮುಗಿಸುತ್ತೇವೆ.